ತಾಡಪತ್ರಿ ಎತ್ತಿದ ದಿನ

ಎಲ್ಲಾ ಆ ಐಸ್‌ಕ್ಯಾಂಡಿಯಿಂದಲೇ ಆದದ್ದು ಎಂದು ತಿಕೋಟಾದ ದ್ರಾಕ್ಷಿ ಶೆಡ್ಡಿನಲ್ಲಿ ಎಲ್ಲರೂ ತೀರ್ಮಾನಿಸಿಬಿಟ್ಟಿದ್ದರು. ಏಪ್ರಿಲ್ ಬಿಸಿಲಿಗೆ ನೆತ್ತಿ ಸಿಡಿಯುತ್ತಿದ್ದಾಗ ರಾಜಾರಾಮ ತನ್ನ ಅವ್ವ ಸತ್ಯವ್ವನಿಗೆ ಕೆಂಪು ಐಸ್‌ಕ್ಯಾಂಡಿ ಕೊಡಿಸಿದ್ದ. ಮರುದಿನವೇ ಅವಳಿಗೆ ಚಳಿ ಹತ್ತಿ ಹಲ್ಲು ಕಟಕಟ ಎಂದವು. ಮೂರನೆಯ ದಿನ ಬಲಪಕ್ಕೆಯಲ್ಲಿ ದಬ್ಬಣ ಚುಚ್ಚಿದಂತಾಗಿ, ಕೆಮ್ಮಿದರೆ ತುಕ್ಕಿನ ಬಣ್ಣದ ಕಫ ಬಿತ್ತು. ಶೆಡ್ಡಿನ ಸಾವಕಾರ ಶಿವಲಿಂಗನ ಹೆಂಡತಿ ರಾಚವ್ವ ಒಂದು ಲೋಟ ಕಷಾಯ ಕಳಿಸಿದಳು. ಈ ವಯಸ್ಸಿನಲ್ಲಿ ಐಸ್ ಚೀಪಿದರೆ ಎದೆ ಹೆಪ್ಪುಗಟ್ಟದೆ ಇನ್ನೇನಾದೀತು ಎಂಬ ಮಾತನ್ನೂ ಜೊತೆಗೆ ಕಳಿಸಿದಳು. ಹೆಣ್ಣಾಳುಗಳೆಲ್ಲ ಹೌದೆಂದರು. ಸತ್ಯವ್ವನೂ ಹೌದೆಂದಳು. ರಾಜಾರಾಮನಿಗೆ ಎಲ್ಲಕ್ಕಿಂತ ಹೆಚ್ಚು ಉರಿದದ್ದು ಅದು.

ಅವನು ಒಂಬತ್ತನೆಯ ಇಯತ್ತೆಗೆ ಸಾಲಿ ಬಿಟ್ಟವನು, ಶೆಡ್ಡಿನಲ್ಲಿ ಕ್ರೇಟು ಹೊರುವವನು. ಆದರೆ ಮೂಗು ಇತ್ತಲ್ಲ! ಒಣಗಿದ ದ್ರಾಕ್ಷಿಗೆ ಹೊಂಬಣ್ಣ ಬರಲೆಂದು ಮೂಲೆಯ ಕೋಣೆಯಲ್ಲಿ ಗಂಧಕ ಸುಡುತ್ತಿದ್ದರು. ಹೊಗೆ ಪೂರ್ತಿ ಹೋಗುವ ಮೊದಲೇ ಬಾಗಿಲು ತೆಗೆಸಿ, ಒದ್ದೆ ಸೆರಗು ಮೂಗಿಗೆ ಒತ್ತಿಕೊಂಡ ಹೆಂಗಸರ ಕೈಯಲ್ಲಿ ಮಾಲು ಹೊರಗೆ ತೆಗೆಸುತ್ತಿದ್ದರು. ಆಮೇಲೆ ಅದೇ ಹೆಂಗಸರು, ಸತ್ಯವ್ವನೂ ಸೇರಿ ಒಂಬತ್ತು ಜನ, ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತು ದ್ರಾಕ್ಷಿ ಆರಿಸಬೇಕು. ಮಾಲಿನ ಮೇಲೆ ಧೂಳು ಕೂರಬಾರದೆಂದು ಶೆಡ್ಡಿನ ನಾಲ್ಕೂ ಕಡೆಯ ತಾಡಪತ್ರಿಯ ಪರದೆ ನೆಲದವರೆಗೆ ಇಳಿಸಿ, ಅಂಚಿಗೆ ಕಲ್ಲು ಹೇರಿದ್ದರು. ಒಬ್ಬಳು ಬಿಟ್ಟ ಉಸಿರನ್ನೇ ಇನ್ನೊಬ್ಬಳು ಎಳೆದುಕೊಳ್ಳಬೇಕು. ಸಾವಕಾರನಿಗೆ ಮಾಲಿನ ಮೇಲಿದ್ದ ಮರುಕದಲ್ಲಿ ಕಾಲುಪಾಲು ಮನುಷ್ಯರ ಮೇಲಿರಲಿಲ್ಲ.

ಕಷಾಯದ ಲೋಟವನ್ನು ಅಲ್ಲೇ ಬಿಟ್ಟು ಅವ್ವನನ್ನು ವಿಜಯಪುರದ ಬಸ್ಸಿಗೆ ಹತ್ತಿಸಿದ. ದಾರಿಯುದ್ದಕ್ಕೂ ಅವಳು ಅವನ ಭುಜಕ್ಕೆ ಒರಗಿ, ಮೇಕೆಮರಿಯಂತೆ ಪುಸಪುಸ ಉಸಿರಾಡುತ್ತಿದ್ದಳು. ದವಾಖಾನೆಯಲ್ಲಿ ಎದೆಯ ಫೋಟೋ ತೆಗೆದರು. ಬಲಪುಪ್ಪುಸದ ಬುಡದಲ್ಲಿ ಅಂಗೈಯಗಲ ಬಿಳುಪು. ನ್ಯುಮೋನಿಯಾ ಎಂದರು ಡಾಕ್ಟರ್ ಪೂನಮ. ಮೂಗಿಗೆ ಆಮ್ಲಜನಕದ ನಳಿಗೆ, ಕೈಗೆ ಸಲೈನು. ಇನ್ನೆರಡು ದಿನ ತಡೆದಿದ್ದರೆ ಕಷ್ಟವಿತ್ತು, ಇಷ್ಟು ಸೋತ ಎದೆಗೆ ಇನ್ನೊಮ್ಮೆ ಬಂದರೆ ತಾಳುವುದು ದೂರದ ಮಾತು ಎಂದೂ ಹೇಳಿದರು.

ಗಂಧಕದ ಹೊಗೆಯಿಂದ ಬಂತೆಂದು ಚೀಟಿಯಲ್ಲಿ ಬರೆದುಕೊಡಿ ಎಂದು ರಾಜಾರಾಮ ಪಟ್ಟು ಹಿಡಿದ. ಆ ಚೀಟಿಯನ್ನು ಸಾವಕಾರನ ಮೋರೆಗೆ ಹಿಡಿಯಬೇಕಿತ್ತು ಅವನಿಗೆ. ಡಾಕ್ಟರ್ ತಲೆಯಾಡಿಸಿದರು. ಐಸಿನಿಂದಲೂ ಅಲ್ಲ, ಬರೀ ಹೊಗೆಯಿಂದಲೂ ಅಲ್ಲ. ಮಂದಿಯ ಮೂಗು ಗಂಟಲಲ್ಲೇ ಇರುವ, ಕಣ್ಣಿಗೆ ಕಾಣದ ಹುಳು ಅದು. ಕೆಮ್ಮಿದಾಗ ಹನಿಯಲ್ಲಿ ಹಾರಿ ಇನ್ನೊಬ್ಬರ ಎದೆಗಿಳಿಯುತ್ತದೆ. ಸುಮ್ಮನೆ ಇಳಿದರೆ ಎದೆಯೇ ಗುಡಿಸಿ ಹೊರಗೆ ಹಾಕುತ್ತದೆ. ಹೊಗೆ ಕುಡಿದು ಕುಡಿದು ಆ ಕಸಬರಿಗೆ ಸುಟ್ಟುಹೋದವರಲ್ಲಿ ಅದು ಮನೆ ಮಾಡುತ್ತದೆ.

"ಇವರಕ್ಕಿಂತ ಮೊದಲ ಯಾರರ ಕೆಮ್ಮಾಕತ್ತಿದ್ರೇನು ತಮ್ಮಾ?" ಎಂದು ಕೇಳಿದರು.

ರಾಜಾರಾಮ ದಿನ ಎಣಿಸಿದ. ಹತ್ತು ದಿನದ ಹಿಂದೆ ಜ್ವರ ಬಂದು, ನೆಗಡಿ ಕೆಮ್ಮಿನಲ್ಲೇ ಕ್ರೇಟು ಹೊತ್ತವನು ಅವನೇ. ಮಧ್ಯಾಹ್ನ ಅವ್ವನ ಎದುರಿಗೇ ಕುಳಿತು ರೊಟ್ಟಿ ತಿಂದವನೂ ಅವನೇ.

"ನಾನ ರೀ" ಎಂದ.

ಅವನಿಂದಲೇ ಬಂತೆಂದು ಯಾರೂ ಆಣೆ ಮಾಡಿ ಹೇಳಲಾಗದು, ಅಲ್ಲಿ ಕೂತ ಯಾರಿಂದಲೂ ಬಂದಿರಬಹುದು ಎಂದು ಡಾಕ್ಟರ್ ಸಮಾಧಾನ ಹೇಳಿದರು. ಸಮಾಧಾನ ಅವನ ಹತ್ತಿರ ಸುಳಿಯಲಿಲ್ಲ. ಒಳಗೆ ಅವ್ವ, ಸೋಮವಾರ ಕೆಲಸಕ್ಕೆ ಹೋಗುವೆನೆಂದು ನರ್ಸಿನ ಮುಂದೆ ಹೇಳುತ್ತಿದ್ದಳು. ಸುದ್ದಿ ಕೇಳಿ ಬಂದಿದ್ದ ಅಕ್ಕ ಆಮ್ರಪಾಲಿಯನ್ನು ಅವ್ವನ ಪಕ್ಕ ಕೂರಿಸಿ, ಅವನು ಮರಳಿ ತಿಕೋಟಾದ ಬಸ್ಸು ಹಿಡಿದ.

ಶೆಡ್ಡಿಗೆ ಬಂದವನು ಯಾರನ್ನೂ ಕೇಳಲಿಲ್ಲ. ಅಂಚಿನ ಕಲ್ಲುಗಳನ್ನು ಕಾಲಿನಿಂದ ಸರಿಸಿ, ಗಾಳಿ ಬರುವ ಕಡೆಯ ತಾಡಪತ್ರಿಯನ್ನು ಮೇಲಕ್ಕೆ ಸುತ್ತತೊಡಗಿದ. ಶಿವಲಿಂಗ ಓಡಿಬಂದ. ಡಾಕ್ಟರ್ ಏನೆಂದರೆಂದು ಗದರಿ ಕೇಳಿದ. ಮುಚ್ಚಿಡದೆ ಹೇಳಿದ ರಾಜಾರಾಮ: ಹುಳುವಿನಿಂದ ಬಂದದ್ದು, ಅದು ತನ್ನ ಬಾಯಿಂದಲೇ ಹಾರಿದ್ದರೂ ಇರಬಹುದು.

ಸಾವಕಾರನ ಮೋರೆ ಅರಳಿತು. "ಹಂಗಾದ್ರ ಹೆತ್ತಾಕಿಗೆ ಬ್ಯಾನಿ ತಂದಾಂವ ನೀನ ಆದಿ. ನನ್ನ ಶೆಡ್ಡ ಏನ ಮಾಡೇತಿಲೇ?"

"ಹೌದ್ರಿ, ನಾನ ಕೆಮ್ಮೀನಿ. ಜರ ಬಂದೈತಿ, ಎರಡ ದಿನಾ ಸೂಟಿ ಕೊಡ್ರಿ ಅಂದ್ರ, ಬ್ಯಾರೆ ಆಳ ನೋಡ್ತೀನಿ ಅಂದ್ರಿ. ಕೆಮ್ಮಿದ್ದ ಗಾಳಿಗೆ ಹೋಗ್ತಿತ್ತು. ಗಾಳೀನ ಒಳಗ ಬಿಟ್ಟಿರಲಿಲ್ಲಲ್ರಿ ನೀವು."

ಶಿವಲಿಂಗ ಹಗ್ಗ ಕಿತ್ತುಕೊಂಡು ತಾಡಪತ್ರಿ ಇಳಿಸಿದ. ರಾಜಾರಾಮ ಮತ್ತೆ ಎತ್ತಿದ. ಹೆಂಗಸರು ತಲೆ ತಗ್ಗಿಸಿ ಆರಿಸುತ್ತಲೇ ಇದ್ದರು. ಒಬ್ಬಳು ಮಾತ್ರ, ನಿಡೋಣಿಯಿಂದ ಬರುವ ಲಲಿತಾ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕೆಮ್ಮಿದಳು. ಎರಡು ದಿನದಿಂದ ಆ ಕೆಮ್ಮನ್ನು ನುಂಗಿಕೊಂಡೇ ಬಂದಿದ್ದಳು, ಕೂಲಿ ತಪ್ಪೀತೆಂದು. ಅವಳು ಮುಂದಿದ್ದ ಬುಟ್ಟಿಯನ್ನು ಎತ್ತಿಕೊಂಡು ಎದ್ದಳು, ಹೊರಗೆ ಹೋಗಿ ಬೇವಿನ ಮರದ ಬುಡದಲ್ಲಿ ಒಬ್ಬಳೇ ಕುಳಿತಳು.

ಮಾಲೆಲ್ಲ ಧೂಳಾಗುತ್ತದೆಂದು ಸಾವಕಾರ ಕೂಗಾಡಿದ.

"ಧೂಳಾದ್ರ ಹಣ್ಣ ತೊಳೀಬಹುದ್ರಿ" ಎಂದಳು ಲಲಿತಾ, ಕೈಕೆಲಸ ಬಿಡದೆ. "ಎದಿ ತೊಳ್ಯಾಕ ಬರೂದಿಲ್ಲ."

ಇನ್ನಿಬ್ಬರು ಎದ್ದರು. ಉಳಿದವರು ಏಳಲಿಲ್ಲ. ಆದರೆ ಅವರಲ್ಲೊಬ್ಬಳು ಕೂತಲ್ಲಿಂದಲೇ ಕೈಚಾಚಿ, ತನ್ನ ಬೆನ್ನ ಹಿಂದಿನ ಕಲ್ಲು ಉರುಳಿಸಿದಳು. ಒಳಗೆ ಗಾಳಿ ನುಗ್ಗಿತು. ನಾಳೆಯಿಂದ ಈ ಕಡೆ ತಲೆ ಹಾಕಬೇಡ ಎಂದು ಶಿವಲಿಂಗ ರಾಜಾರಾಮನಿಗೆ ಹೇಳಿದ. ನಾನೂ ಬರುವುದಿಲ್ಲ, ನಮ್ಮವ್ವನೂ ಬರುವುದಿಲ್ಲ ಎಂದ ಇವನು.

ಸಂಜೆ ದವಾಖಾನೆಗೆ ಮರಳಿ, ನಡೆದದ್ದನ್ನೆಲ್ಲ ಅವ್ವನಿಗೆ ಹೇಳಿದ, ತನ್ನ ಕೆಮ್ಮಿನ ಸಂಗತಿಯನ್ನೂ. ಸತ್ಯವ್ವ ಕೆಲಸ ಹೋದದ್ದಕ್ಕೆ ಅವನನ್ನು ಮನಸಾರೆ ಬೈದಳು. ನಡುನಡುವೆ ಉಸಿರು ತಗೊಳ್ಳಲು ನಿಂತು ನಿಂತು ಬೈದಳು. ಕೆಮ್ಮಿನ ಮಾತು ಬಂದಾಗ ಅವನ ಹಣೆ ಮುಟ್ಟಿ ಬಿಸಿ ನೋಡಿದಳು.

ಕಣ್ಣು ಮುಚ್ಚಿದವಳು ಸ್ವಲ್ಪ ಹೊತ್ತಿಗೆ ತೆರೆದು ಕೇಳಿದಳು: "ಲಲಿತಾನ ಪಕ್ಕಿ ನೋಯ್ತೈತೇನೋ?"

ಅವನು ಅದನ್ನು ವಿಚಾರಿಸಿರಲಿಲ್ಲ.

"ನಾಳೆ ಮೊದಲನೇ ಬಸ್ಸಿಗೆ ಕರ್ಕೊಂಡ ಬಾ. ನನ್ನಂಗ ಮೂರ ದಿನಾ ಸುಮ್ನ ಕೂಡಬ್ಯಾಡಂತ ಹೇಳ ಅಕಿಗೆ."