ಮುರಿಯಬೇಕಾದ ಬೋಲ್ಟು

ಚಂದ್ರಂಪಳ್ಳಿ ಕಾಲುವೆ ಗುಂಟ ಬೆಳೆದ ಜಾಲಿಕಂಟಿ ಅಂಥಿಂಥ ಕಂಟಿಯಲ್ಲ. ಕಡಿದಷ್ಟೂ ಚಿಗಿಯುವ ಜಾತಿ. ಅದನ್ನು ಸವರುವ ಗುತ್ತಿಗೆ ಐನಾಪುರದ ಜಗದೇವಪ್ಪ ಸಾವ್ಕಾರ ಹಿಡಿದಿದ್ದ. ಟ್ರ್ಯಾಕ್ಟರಿನ ಬೆನ್ನಿಗೆ ಕಟ್ಟುವ ಕಂಟಿ ಕಡಿಯೋ ಮಿಶಿನ್ನು ಹೈದರಾಬಾದಿನಿಂದ ಬಂದಿತ್ತು. ಅದು ಮುಂದೆ ಕಡಿಯುತ್ತ ಹೋದರೆ, ಚಿಮ್ಮನಚೋಡದ ಹೆಣ್ಣಾಳುಗಳು ಹಿಂದೆ ಮುಳ್ಳು ಎಳೆದು ಒಟ್ಟಬೇಕು. ಅವರ ಅಂಗೈ ನೋಡಿದರೆ ನಿಮಗೆ ಊಟ ಸೇರುತ್ತಿರಲಿಲ್ಲ. ಸಂಜೆ ಒಬ್ಬರ ಕೈ ಒಬ್ಬರು ಹಿಡಿದು ಪಿನ್ನಿನಿಂದ ಮುಳ್ಳು ಕೀಳುತ್ತ ಕೂಡುತ್ತಿದ್ದರು.

ಸಾವ್ಕಾರ ಕೂಲಿ ಹ್ಯಾಂಗ ಕೊಡುತ್ತಿದ್ದ ಗೊತ್ತೇನು? ಮಿಶಿನ್ ಸಪ್ಪಳ ಇದ್ದಷ್ಟು ಹೊತ್ತಿಗೆ! ಸಪ್ಪಳ ನಿಂತರೆ ಕೂಲಿಯೂ ನಿಂತಿತು. ಹಂಗಂತ ಕೂಡುವ ಹಾಗಿಲ್ಲ. ಮುನೀಮ ಭಗವಂತ ಛತ್ರಿ ಹಿಡಕೊಂಡು ಬಂದು, "ಏಳ್ರಿ, ಹಿಂದ ಉಳದಿದ್ದು ಎಳೀರಿ" ಎಂದು ಎಬ್ಬಿಸುತ್ತಿದ್ದ. ಅದೆಲ್ಲ ಪುಕ್ಕಟೆ ಗೇಯುವುದು. ಹೊಟ್ಟೆ ಉರಿಯುತ್ತದೋ ಇಲ್ಲವೋ ನೀವೇ ಹೇಳ್ರಿ.

ಸಪ್ಪಳ ನಿಲ್ಲುತ್ತಿದ್ದುದು ಒಂದು ಬೋಲ್ಟಿನಿಂದ. ಕಾಲುವೆ ಅಗೆದಾಗ ಮೇಲೆ ಒಗೆದ ಕಲ್ಲುಗಳೆಲ್ಲ ಕಂಟಿಯೊಳಗೆ ಅಡಗಿದ್ದವು. ಅಲಗು ಕಲ್ಲಿಗೆ ಬಡಿದರೆ ಸಾಕು, ಟ್ರ್ಯಾಕ್ಟರಿನಿಂದ ಮಿಶಿನ್ನಿಗೆ ತಿರುಗುವ ಶಾಫ್ಟಿನ ಬೋಲ್ಟು ಪಟ್ಟನೆ ಮುರಿಯುವುದು. ಆಗ ಚಿಂಚೋಳಿ ಬಸ್‌ಸ್ಟ್ಯಾಂಡಿನ ಮಗ್ಗುಲಿಗೆ ಅಂಗಡಿ ಇಟ್ಟಿದ್ದ ಮಿಸ್ತ್ರಿ ಮಶಾಕ ಸೈಕಲ್ ಹತ್ತಿ ಬರಬೇಕು.

"ಬೋಲ್ಟ್ ಏನ್ ಹಪ್ಪಳ ಏನಲೇ ಮಶಾಕ?" ಸಾವ್ಕಾರ ಒಮ್ಮೆ ಮೈಮೇಲೇ ಬಂದ.

"ಧಣಿ, ಅದು ಮುರೀಲಿಕ್ಕೇ ಇರೋದ್ರಿ. ಅದು ಮುರದ್ರ ಶಾಫ್ಟ್ ಉಳೀತದ, ಮಂದಿ ಉಳೀತಾರ. ಬ್ಯಾಡಂದ್ರ ಸ್ಲಿಪ್ ಕ್ಲಚ್ ಅಂತ ಸಿಗ್ತದ, ತರಸ್ರಿ. ಕಲ್ಲಿಗೆ ಬಡದ್ರ ಅದರ ಪ್ಲೇಟು ಜಾರ್ತಾವ. ಏನೂ ಮುರಿಯಂಗಿಲ್ಲ, ಬೋಲ್ಟ್ ಬದಲು ಮಾಡಾದಿಲ್ಲ."

"ಅದರ ರೊಕ್ಕ ನಿಮ್ಮಪ್ಪ ಕೊಡ್ತಾನೇನು? ಗಟ್ಟಿ ಬೋಲ್ಟ್ ಜಡದು ಹೋಗು."

ಮಶಾಕ ತಲೆ ತಗ್ಗಿಸಿ ಹ್ಞೂಂ ಅಂದ. ಆದರೆ ಜಡಿದದ್ದು ಮೆತ್ತನ ಬೋಲ್ಟನ್ನೇ. ಅವತ್ತು ಅವನ ಕಸಬಿನ ನಿಯತ್ತು, ಈಮಾನು ಜಾಗದಲ್ಲೇ ಇತ್ತು.

ಅವನನ್ನು ಕೆಡಿಸಿದ್ದು ಧಣಿಯ ಬೈಗುಳವಲ್ಲ, ನೀಲಾಬಾಯಿಯ ರೊಟ್ಟಿ. ನೀಲಾಬಾಯಿ ಹೆಣ್ಣಾಳುಗಳಲ್ಲೆಲ್ಲ ಹಿರಿಯಾಕಿ, ಬಾಯಿ ಜೋರು. ಅವತ್ತು ಮುಂಜಾನಿಯಿಂದ ಬೋಲ್ಟು ಮೇಲಿಂದ ಮೇಲೆ ಮುರಿದಿತ್ತು. ಆಕೆ ತನ್ನ ಬುತ್ತಿಯ ಜ್ವಾಳದ ರೊಟ್ಟಿ, ಶೇಂಗಾ ಹಿಂಡಿ ಮಶಾಕನ ಕೈಗಿಟ್ಟಳು.

"ತಿನ್ನೋ ಎಪ್ಪಾ. ಒಂದ್ ಮಾತ್ ಕೇಳ್ತೀನಿ, ನಡಸಿಕೊಡು. ಮುರೀಲಾರದ ಬೋಲ್ಟ್ ಹಾಕು."

"ಯಕ್ಕಾ, ಅದು ಹಂಗ ಹಾಕಬಾರ್ದು."

"ಯಾಕ ಹಾಕಬಾರ್ದು? ದಿನಾ ಇದ ಆತು. ಅರ್ಧಾ ದಿನ ಪುಕ್ಕಟ ಮುಳ್ಳ ಎಳದು ಮನಿಗಿ ಹೋಗ್ತೀವಿ. ಸಪ್ಪಳ ನಿಂದ್ರಬಾರ್ದು ನೋಡು, ಅಷ್ಟ."

ಉಳಿದವರೂ ಸುತ್ತ ನೆರೆದರು. ಟ್ರ್ಯಾಕ್ಟರ್ ಡ್ರೈವರ್ ಚಂದ್ರಾಮನೂ, "ಹಾಕ್ ಬಿಡು ಮಾಮಾ, ನಂದೂ ಕೂಲಿ ಹೊಂಟದ" ಅಂದ. ಮಶಾಕನ ಕೈಯಲ್ಲಿ ಅವಳ ರೊಟ್ಟಿ ಇತ್ತು. ಎಷ್ಟಂತ ಇಲ್ಲ ಅಂದಾನು? ಹಳೇ ಲಾರಿಯಿಂದ ಬಿಚ್ಚಿದ್ದ ಉಕ್ಕಿನ ಬೋಲ್ಟು ಚೀಲದಲ್ಲಿತ್ತು. ಅದನ್ನೇ ಜಡಿದ. ಗೊತ್ತಿದ್ದೂ ಜಡಿದ!

ಸಪ್ಪಳ ಸಂಜೆತನಕ ನಿಲ್ಲಲಿಲ್ಲ. ಹೆಂಗಸರು ಹಾಡುತ್ತ ಮನೆಗೆ ಹೋದರು. ಮಶಾಕನಿಗೂ ಒಳಗೊಳಗೆ ಖುಷಿಯಾಯಿತು, ಸುಳ್ಳ್ಯಾಕ ಹೇಳಬೇಕು.

ಮರುದಿನ ಅಲಗು ದೊಡ್ಡ ಬಂಡೆಗೆ ಬಡಿಯಿತು. ಬೋಲ್ಟು ಮುರಿಯಲಿಲ್ಲ. ಶಾಫ್ಟೇ ಕೀಲಿನ ಹತ್ತಿರ ಹರಿದು, ತುಂಡೊಂದು ಹಾರಿ ನೀಲಾಬಾಯಿಯ ಮೊಣಕಾಲ ಕೆಳಗೆ ಬಡಿಯಿತು. ಕಲಬುರ್ಗಿಯ ದೊಡ್ಡ ದವಾಖಾನೆಯಲ್ಲಿ ಆ ಕಾಲು ತೆಗೆದರು.

ಮಶಾಕ ನೋಡಲು ಹೋದ. ಮಂಚದ ಹತ್ತಿರ ನಿಂತು ಅತ್ತ. ನೀಲಾಬಾಯಿಯೇ ಮಾತೆತ್ತಿದಳು.

"ನೀ ಯಾಕ ಅಳ್ತೀದಿ? ನಾನ ಹಾಕು ಅಂದಿದ್ದೆ. ನಂದ ತಪ್ಪು."

ಆಕೆ ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಬೈಯಲಿಲ್ಲ. ಮನೆಗೆ ಬಂದು ತಾಟಿನ ಮುಂದೆ ಕುಂತರೆ ರೊಟ್ಟಿ ಮುಟ್ಟಲಾಗಲಿಲ್ಲ. ಹೆಂಡತಿ ತಾಜುನ್ನಿಸಾ, "ಆಕೀನೇ ಕೇಳಿದ್ಳಲ್ರೀ, ನಿಮ್ಮದೇನು ತಪ್ಪು?" ಅಂದಳು.

"ಆಕೀಗಿ ಕೂಲಿ ಗೊತ್ತಿತ್ತು, ಶಾಫ್ಟ್ ಗೊತ್ತಿದ್ದಿಲ್ಲ. ನನಗ ಶಾಫ್ಟ್ ಗೊತ್ತಿತ್ತಲ್ಲ, ತಾಜು" ಅಂದ ಮಶಾಕ. ತಾಟು ಸರಿಸಿ ಎದ್ದ.

ಜಗದೇವಪ್ಪ ಹೊಸ ಶಾಫ್ಟು ತರಿಸಿದ. ಕ್ಲಚ್ಚು ಮಾತ್ರ ತರಿಸಲಿಲ್ಲ. ಮಶಾಕನ ಅಂಗಡಿ ಮುಂದೆ ಜೀಪು ನಿಲ್ಲಿಸಿ, "ಆಕೀನೇ ತಪ್ಪು ಒಪ್ಪಕೊಂಡಾಳ, ನೀ ಏನ್ ಅಂಜಬ್ಯಾಡ. ನಾಳಿ ಬಂದು ಗಟ್ಟಿದು ಹಾಕು" ಎಂದು ಹೆಗಲು ತಟ್ಟಿದ. ಆ ಕೈ ಬಿದ್ದಲ್ಲಿ ಮಶಾಕನಿಗೆ ತನ್ನ ಮೈಯೇ ಅಸಹ್ಯವೆನಿಸಿತು.

ಮುಂಜಾನೆ ಕಾಲುವೆ ಮೇಲೆ ಶಾಫ್ಟು ಕಟ್ಟಿದ. ಬೋಲ್ಟು ಹಾಕುವ ಮೊದಲು ಹೆಂಗಸರನ್ನೆಲ್ಲ ಕರೆದ.

"ಇದು ಮೆತ್ತನ ಬೋಲ್ಟು. ಇದು ಮುರೀತದ, ಮುರೀಲೇಬೇಕು. ಅವತ್ತ ನಾ ಗಟ್ಟಿದು ಹಾಕಿ ನೀಲಕ್ಕನ ಕಾಲು ತಿಂದೀನಿ. ಆಕೀದಲ್ಲ ತಪ್ಪು, ನಂದು. ಮತ್ತ, ಸಪ್ಪಳ ನಿಂತ್ರ ಕೂಲಿ ಕೊಯ್ಯಾವನದೂ ತಪ್ಪು ಅದ. ಕೂಲಿ ಕೊಯ್ಯದಿದ್ರ ಆಕಿ ನನಗ ಯಾಕ ಕೇಳ್ತಿದ್ಳು?"

ಹೇಳಿ ಅದನ್ನೇ ಜಡಿದ. ಚಂದ್ರಾಮ ಟ್ರ್ಯಾಕ್ಟರ್ ಚಾಲೂ ಮಾಡಿದ. ಹೊತ್ತೇರುವ ಮುಂಚೆಯೇ ಕಲ್ಲಿಗೆ ಬಡಿದು ಬೋಲ್ಟು ಪಟ್ಟಂದಿತು. ಸಪ್ಪಳ ನಿಂತಿತು.

"ನಡೀರಿ, ಹಿಂದಿಂದು ಎಳೀರಿ" ಅಂದ ಭಗವಂತ.

ಲಲಿತಾಬಾಯಿ ಅನ್ನುವಾಕೆ, ನೀಲಾಬಾಯಿಯ ಜೋಡಿಗಾರ್ತಿ, ಇದ್ದಲ್ಲೇ ಕುಂತಳು. ಆಕೆಯ ಮಗ್ಗುಲಿನಾಕೆ ಕುಂತಳು. ನೋಡುನೋಡುತ್ತ ಸಾಲೆಲ್ಲ ಕುಂತಿತು.

"ಕುಂತ ಹೊತ್ತಿಗಿ ಕೂಲಿ ಇಲ್ಲ!" ಭಗವಂತ ಒದರಿದ.

"ಅದ. ಇವತ್ತಿಂದ ಅದ" ಅಂದಳು ಲಲಿತಾಬಾಯಿ. "ಇಲ್ಲಂದ್ರ ನಿಮ್ಮ ಧಣಿ ಬಂದು ಮುಳ್ಳ ಎಳೀಲಿ."

ಭಗವಂತ ಮಶಾಕನ ಕಡೆ ತಿರುಗಿದ. "ನೋಡ್ಕೋತ ನಿಂತೀ ಏನು? ಗಟ್ಟಿ ಬೋಲ್ಟ್ ಜಡಿಯೋ ಲಗೂನ!"

ಹರಿದ ಶಾಫ್ಟಿನಿಂದ ಬಿಚ್ಚಿದ ಆ ಉಕ್ಕಿನ ಬೋಲ್ಟು ಮಶಾಕನ ಚೀಲದಲ್ಲಿ ಇನ್ನೂ ಇತ್ತು. ಅವತ್ತು ಅದು ಮುರಿದಿರಲಿಲ್ಲ, ಮೇಲೆ ಗೀರೂ ಬಿದ್ದಿರಲಿಲ್ಲ. ಹೊರಗೆ ತೆಗೆದು, ಬೀಸಿ ಕಾಲುವೆ ನೀರಿಗೆ ಒಗೆದ. ಆಮೇಲೆ ಬೋಲ್ಟು ತಿರುವುವ ಪಾನಾ ಕೆಳಗಿಟ್ಟು ಹೆಂಗಸರ ಸಾಲಿನ ತುದಿಗೆ ಹೋದ. ನೀಲಾಬಾಯಿ ದಿನಾ ಕೂಡುತ್ತಿದ್ದ ಜಾಲಿಯ ನೆರಳು ಖಾಲಿ ಇತ್ತು. ಅಲ್ಲಿ ಕೂಡಲು ಅವನಿಗೆ ಮನಸ್ಸು ಬರಲಿಲ್ಲ. ಅದರ ಪಕ್ಕದ ಬಿಸಿಲಲ್ಲಿ ಕುಂತ.