ವ್ರತದ ತಿಂಗಳಲ್ಲಿ ತಂದ ಬೇಳೆ

ಬೆಟಗೇರಿಯ ಪದ್ಮಾಬಾಯಿಗೆ ಸಂಜೆಯಾದಂತೆ ಕಣ್ಣು ಬಾಗಿಲ ಕಡೆಗೇ ಹೋಗುತ್ತಿತ್ತು. ಹಾಲಿನ ಗದಿಗೆವ್ವ ಇನ್ನೇನು ಬರುವ ಹೊತ್ತು. ನಾಳೆಯಿಂದ ಹಾಲು ಬೇಡ ಎಂದು ಅವಳಿಗೆ ಹೇಗೆ ಹೇಳುವುದು? ದಡಾರ ಬಂದು ಸೊರಗಿದ ಮಗ ನರಸಿಂಹನಿಗೆ ಹಾಲು ತಪ್ಪಿಸಬೇಡಿ ಎಂದು ಡಾಕ್ಟರರು ಹೇಳಿದ್ದರು. ಆದರೆ ಸಾವಿರದ ಒಂಬೈನೂರ ಎಪ್ಪತ್ತನಾಲ್ಕರ ಈ ತುಟ್ಟಿ ಧಾರಣೆಯಲ್ಲಿ ಗಂಡನ ಪಗಾರ ಎಲ್ಲಿ ಸಾಲುತ್ತದೆ? ಕೈಯಲ್ಲಿ ಉಳಿದದ್ದು ನಾಳೆಯ ಸಂತೆಗಾಗುವಷ್ಟು ಮಾತ್ರ.

ಮೊರದ ತುಂಬ ತೊಗರಿಬೇಳೆ ಹರವಿಕೊಂಡು ಹುಳ ಆರಿಸುತ್ತಿದ್ದಾಗ ಪಕ್ಕದ ಮನೆಯ ಜಾನಕೀಬಾಯಿ ಬಂದರು.

"ಏನ ಪದ್ಮಾ, ಬ್ಯಾಳಿಗೆ ಇಷ್ಟ್ ಹುಳಾ?"

"ಪ್ರತಿ ತಿಂಗಳಿನಂಗ ತಂದೆ ವೈನಿ. ದ್ವಿದಳ ವ್ರತ ಸುರು ಆತು, ಡಬ್ಬಿ ಮುಟ್ಟಲೇ ಇಲ್ಲ."

ಚಾತುರ್ಮಾಸ್ಯದ ಕೊನೆಯ ತಿಂಗಳು ಆ ಮನೆಯಲ್ಲಿ ಬೇಳೆ ಬೇಯಿಸುವುದಿಲ್ಲ. ಅದು ಗೊತ್ತಿದ್ದೂ ಪದ್ಮಾಬಾಯಿ ಕಿರಾಣಿ ಅಂಗಡಿಯಲ್ಲಿ "ಹೋದ ತಿಂಗಳದ್ದೇ ಕಟ್ಟಿರಿ" ಎಂದುಬಿಟ್ಟಿದ್ದಳು. ಬೇಳೆಯ ದುಡ್ಡು ಡಬ್ಬಿಯಲ್ಲಿ ಕುಳಿತಿತು. ಊಟಕ್ಕೆಂದು ದಿನಾ ಮೊಸರು, ತಪ್ಪಲುಪಲ್ಯ ತಂದು ಉಳಿದದ್ದೂ ಕರಗಿತು.

"ವಾರದ ಅಡಿಗಿ ಮೊದಲ ಗೊತ್ತು ಮಾಡ್ಕೋ," ಎಂದರು ಜಾನಕೀಬಾಯಿ. "ಯಾವತ್ತ ಏನು, ಉಣ್ಣವರು ಯಾರು, ಮನ್ಯಾಗ ಏನದ ಅಂತ ನೋಡಿ ಆಮ್ಯಾಲೆ ಸಂತಿಗೆ ಹೋಗು. ಮಹಿಳಾ ಮಂಡಳದಾಗ ನಮಗ ಹಿಂಗ ಹೇಳ್ಯಾರ."

ಒಳಗಿನಿಂದ ಅತ್ತೆ ಭಾಗೀರಥಿಬಾಯಿಯ ದನಿ ಬಂತು.

"ಮನಿ ಅಂದ್ರ ಖಾನಾವಳಿ ಏನ ಜಾನಕಿ? ಹಬ್ಬ ಬರ್ತಾವ, ಏಕಾದಶಿ ಬರ್ತದ, ಬೀಗರು ಬರ್ತಾರ. ಇದೆಲ್ಲಾ ಮೊದಲ ಹೇಳಲಿಕ್ಕೆ ಆಗ್ತದೇನು?"

"ಬೀಗರು ಹೇಳದ ಬರಬಹುದ್ರಿ ಕಾಕೂ. ಅವರ ಸಲುವಾಗಿ ಒಂದು ಹೊತ್ತಿಂದು ಜಾಸ್ತಿ ಇಡ್ರಿ. ಹಬ್ಬ ಹೇಳದ ಬರ್ತಾವೇನು? ಪಂಚಾಂಗ ನಿಮ್ಮ ಕೈಯಾಗ ಅದ."

ಅಷ್ಟರಲ್ಲಿ ಬಾಗಿಲಲ್ಲಿ ಗದಿಗೆವ್ವ ಕೂಗಿದಳು.

"ಬಾಯಾರ, ಹಾಲ್ರೀ!"

ಪದ್ಮಾಬಾಯಿ ಮೊರ ಕೆಳಗಿಟ್ಟು ಬಾಗಿಲಿಗೆ ಬಂದಳು. "ನಾಳಿಂದ... ಹಾಲು ಬ್ಯಾಡ ಗದಿಗೆವ್ವ."

"ಯಾಕ್ರಿ? ಕೂಸು ಇನ್ನೂ ಸೊರಗೇ ಐತಲ್ರಿ!"

ಭಾಗೀರಥಿಬಾಯಿ ಹೊರಗೆ ಬಂದರು. ಮೊಮ್ಮಗನ ಹಾಲಿನವರೆಗೆ ಸಂಗತಿ ಬಂದದ್ದು ಅವರಿಗೆ ಗೊತ್ತೇ ಇರಲಿಲ್ಲ. ಅವರ ಮುಖ ಬಾಡಿತು.

"ಕೂಸಿನ ಹಾಲು ಬಿಡಸ್ತೀಯೇನ ಪದ್ಮಾ? ಗದಿಗೆವ್ವ, ನಾಳೆ ಬಾ ನೀ. ಪದ್ಮಾ, ಡಬ್ಬಿ ಎಲ್ಲಾ ಇಳಿಸು."

ಪಂಚಾಂಗ ಹಿಡಿದು ಅವರೇ ಕುಳಿತರು. ಮೂಲೆಯ ಡಬ್ಬಿಗಳಲ್ಲಿ ರವೆ, ಅವಲಕ್ಕಿ, ಗೋದಿಹಿಟ್ಟು ಸಿಕ್ಕವು.

"ನಾಳೆ ಅವಲಕ್ಕಿ, ನಾಡದ್ದು ಚಪಾತಿ. ಏಕಾದಶಿಗೆ ಒಲೀನ ಹಚ್ಚಂಗಿಲ್ಲ, ಅವತ್ತಿಂದೂ ಕಾಯಿಪಲ್ಯ ಯಾಕ ತರ್ತಿ?" ಎಂದು ಅತ್ತೆಯೇ ಸೊಸೆಯನ್ನು ಗದರಿದರು.

ಮರುದಿನ ಸಂತೆಯಿಂದ ಚೀಲ ಅರ್ಧವೇ ತುಂಬಿ ಬಂತು. ಉಳಿದ ದುಡ್ಡು ಹಾಲಿಗಾಯಿತು. ಪದ್ಮಾಬಾಯಿಗೆ ಅಳುಕೇನೂ ಹೋಗಲಿಲ್ಲ, ದಿನಾ ಡಬ್ಬಿಗಳ ಮುಚ್ಚಳ ತೆಗೆದು ನೋಡುತ್ತಲೇ ಇದ್ದಳು. ಆದರೆ ಪಗಾರ ಬರುವವರೆಗೂ ಹಾಲು ನಿಲ್ಲಲಿಲ್ಲ.

ಅಕ್ಕತಂಗಿಯರೇ, ನಿಮ್ಮ ಮನೆಯ ವ್ರತ, ಹಬ್ಬ ಬೇರೆ ಇರಬಹುದು. ಯಾವ ದಿನ ಏನು ಬೇಯುತ್ತದೆ ಎಂಬುದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಚೀಲ ಹಿಡಿಯುವ ಮೊದಲು ಮನೆಯವರೊಡನೆ ಕುಳಿತು ವಾರದ ಅಡುಗೆ ಗೊತ್ತುಮಾಡಿ. ಇದ್ದುದನ್ನು ನೋಡಿ, ಬೇಕಾದಷ್ಟೇ ತನ್ನಿ. ದುಡ್ಡು ಸಾಲದಾದಾಗ ಮೊದಲು ನಿಲ್ಲುವುದು ಮಕ್ಕಳ ಹಾಲು. ಅದನ್ನು ನಿಲ್ಲಗೊಡಬೇಡಿ.