ಅರವತ್ತೆಂಟರ ನಂತರ

ಸ್ನೇಹಾಳ ಬಲ ಮಂಡಿಗೆ ನೆಲಕ್ಕೂರುವ ತಾಕತ್ತು ಇರಲಿಲ್ಲ. ಊರಿದಳು, ಊರಲೇಬೇಕು, ಮೊದಲು ಎಡದ್ದು ಆಮೇಲೆ ಬಲದ್ದು, ಎದೆ, ಗದ್ದ — ಹೊಸ ಮ್ಯಾಟಿನ ರಬ್ಬರ್ ವಾಸನೆ ಸೀದಾ ಗಂಟಲಿಗೆ ಇಳಿಯಿತು, ಆಪರೇಷನ್ನಿನಲ್ಲಿ ಮಂಡಿಚಿಪ್ಪಿಗೆ ಬಿಗಿದ ತಂತಿ ಚರ್ಮವನ್ನು ಒಳಗಿನಿಂದ ಚುಚ್ಚಿತು, ಈಗ ಎದೆ ಎತ್ತಬೇಕು, ಸೊಂಟ ಮೇಲೆ, ಬಲಗಾಲು ಮುಂದೆ, ಇಲ್ಲ, ಅದು ತಾನಾಗಿ ಬರುವುದಿಲ್ಲ, ಕೈಯಿಂದ ಪಾದ ಹಿಡಿದು ಎಳೆದುಕೊಳ್ಳಬೇಕು, ಮೊಂಡು ಎಮ್ಮೆಯನ್ನು ಎಳೆದ ಹಾಗೆ, ನಿಂತಳು, ಕೈ ಜೋಡಿಸಿದಳು, ಆಗ ಮೈಕಿನಲ್ಲಿ ದಿವ್ಯಳ ದನಿ ನಲವತ್ತೊಂದು ಅಂದಿತು. ಇನ್ನೂ ನಲವತ್ತೊಂದೇ. ತಲೆಯ ಮೇಲೆ ಜಕ್ಕೂರಿನ ಫ್ಲೈಯಿಂಗ್ ಸ್ಕೂಲಿನ ಪುಟ್ಟ ವಿಮಾನ ಹೊಲಿಗೆ ಯಂತ್ರದಂತೆ ಗೊರಗುಟ್ಟುತ್ತ ಒಂದು ಸುತ್ತು ಹಾಕಿ ಹೋಯಿತು, ರಥಸಪ್ತಮಿಯ ಸೂರ್ಯ ಎದುರಿನ ಅಪಾರ್ಟ್‌ಮೆಂಟಿನ ಹದಿನಾಲ್ಕನೇ ಮಹಡಿಯ ಹಿಂದೆ ಸಿಕ್ಕಿಕೊಂಡಿದ್ದ, ಯಾರಿಗೆ ನಮಸ್ಕಾರ ಮಾಡುತ್ತಿದ್ದೇವೋ ಅವನೇ ಇನ್ನೂ ಬಂದಿಲ್ಲ. ಶಾಲೆಯ ಮೈದಾನದಲ್ಲಿ ಇನ್ನೂರು ಮ್ಯಾಟು, ಇಪ್ಪತ್ತೇಳಕ್ಕೆ ಅಪ್ಪಂದಿರು ಕೂತರು, ಮೂವತ್ತಾರಕ್ಕೆ ಅಮ್ಮಂದಿರು, ಮಕ್ಕಳು ಮನಸ್ಸಾದಾಗ ಏಳುತ್ತಾರೆ ಬೇಜಾರಾದಾಗ ಮಲಗುತ್ತಾರೆ, ಯಾರು ಕೂತರೂ ನಡೆಯುತ್ತದೆ, ಮುಂದಿನ ಸಾಲಿನ ನಟ್ಟನಡುವೆ ಇರುವ ಅವಳು ಮಾತ್ರ ಕೂರುವಂತಿಲ್ಲ, ಅವಳು ಕೂತರೆ ಕಾಲು ಬರುವುದಿಲ್ಲ. ದಿವ್ಯಳ ಕಾಲು. ಹುಚ್ಚಾ ನಿಮಗೆ, ಅಂದಿದ್ದಳು ಅಫ್ರೀನ್, ಗಂಗಾನಗರದ ಫಿಸಿಯೋ, ಮಂಡಿಯ ಮೇಲೆ ಪ್ಲಾಸ್ಟಿಕ್ ಅಳತೆಪಟ್ಟಿ ಇಟ್ಟುಕೊಂಡು, ನೂರಾ ಹದಿನಾಲ್ಕು ಡಿಗ್ರಿ ಮಡಚೋಕೆ ಐದು ತಿಂಗಳು ಹಿಡೀತು ನಮಗೆ, ನೂರೆಂಟು ನಮಸ್ಕಾರ ಅಂತೆ, ಮಾಡ್ಲೇಬೇಕು ಅಂದ್ರೆ ಕುರ್ಚಿ ಹಿಡ್ಕೊಂಡು ಹನ್ನೆರಡು ಮಾಡಿ, ಫೋಟೋ ತೆಗೆಸ್ಕೊಳ್ಳಿ, ಮನೆಗ್ ಬನ್ನಿ. ಹೂಂ ಅಂದಿದ್ದಳು ಸ್ನೇಹಾ. ಹೂಂ ಅನ್ನುವುದು ಸುಲಭ. ನಲವತ್ತೆರಡು.

ಹನ್ನೆರಡು ಮಾಡಿದರೆ ಬ್ಯಾಟರಾಯಪ್ಪ ಒಪ್ಪುವುದಿಲ್ಲ. ಶಾಲೆ ಅವರದು, ಈ ಮೈದಾನ ಅವರಪ್ಪನ ರಾಗಿ ಹೊಲ, ಸುತ್ತಲಿನ ಅಪಾರ್ಟ್‌ಮೆಂಟುಗಳಲ್ಲಿ ಎರಡು ಅವರ ದೊಡ್ಡಪ್ಪನ ಹೊಲ, ಆಫೀಸಿನಲ್ಲಿ ಅವಳನ್ನು ಕೂರಿಸಿಕೊಂಡು ಬಿಸ್ಕತ್ತು ಕಾಫಿಗೆ ಅದ್ದುತ್ತ ಹೇಳಿದ್ದರು, ಅಂಗಲ್ಲ ಕಣಮ್ಮ, ಕಾಲ್ ಸರ್ಯಾಗಿರೋರು ಬಗ್ಗಿ ಎದ್ರೆ ಯಾವನ್ ಕೊಡ್ತಾನೆ ಕಾಸು, ಕಾಲ್ ಮುರ್ಕಂಡಿರೋಳು ಮಾಡುದ್ರೆ ಜನ ಅಯ್ಯೋ ಅಂತ ಕೊಡ್ತಾರೆ, ಜನ ಎಷ್ಟ್ ಕೊಡ್ತಾರೋ ಅಷ್ಟು ನಾನೂ ಆಕ್ತೀನಿ, ಆದ್ರೆ ನೂರೆಂಟೂ ಆಗ್ಬೇಕು, ದೇವ್ರ ಕೆಲ್ಸ, ಅರ್ಧಕ್ ಬುಟ್ರೆ ಇಲ್ಲ. ಬಿಸ್ಕತ್ತು ಮುರಿದು ಕಾಫಿಯಲ್ಲಿ ಮುಳುಗಿತು, ಅವರು ಬೆರಳಿನಿಂದ ತೆಗೆದು ತಿಂದರು. ಅದಾದ ವಾರಕ್ಕೆ ಗೇಟಿನ ಮೇಲೆ ಫ್ಲೆಕ್ಸು, ಸಹೋದ್ಯೋಗಿಯ ಕೃತಕ ಕಾಲಿಗಾಗಿ ಗಾಯಾಳು ಶಿಕ್ಷಕಿಯ ಛಲ, ಮಂಡಿಗೆ ಪಟ್ಟಿ ಕಟ್ಟಿದ ಸ್ನೇಹಾಳ ಫೋಟೋ, ಹಲ್ಲು ಬಿಟ್ಟು ನಕ್ಕದ್ದು, ಹಿಂದಿನ ವರ್ಷದ ಸ್ಪೋರ್ಟ್ಸ್ ಡೇಯ ಮುಖವನ್ನು ಈ ವರ್ಷದ ಮಂಡಿಗೆ ಅಂಟಿಸಿದ್ದರು. ದಿವ್ಯಳ ಫೋಟೋ ಇರಲಿಲ್ಲ, ನನ್ ಮೋಟುಗಾಲು ಗೇಟ್ ಮೇಲೆ ನೇತಾಕೋದು ಬೇಡ ಗುರು, ಅಂದಿದ್ದಳು, ನಾನ್ ಮ್ಯಾಥ್ಸ್ ಟೀಚರ್, ಎಣಿಸ್ತೀನಿ, ಬಗ್ಗೋದು ನಿನ್ ಕರ್ಮ. ಈಗ ವೇದಿಕೆಯ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಾಳೆ, ಚೂಡಿದಾರದ ಎಡಗಾಲನ್ನು ಮಂಡಿಯ ಕೆಳಗೆ ಮಡಚಿ ಪಿನ್ನು ಹಾಕಿದ್ದಾಳೆ, ಊರುಗೋಲುಗಳು ಕುರ್ಚಿಯ ಹಿಂದೆ, ಒಂದು ಕೈಯಲ್ಲಿ ಮೈಕು ಒಂದು ಕೈಯಲ್ಲಿ ಪೆನ್ನು, ಹತ್ತಕ್ಕೊಂದು ಗೆರೆ ಎಳೆಯುತ್ತಾಳೆ, ಲೆಕ್ಕದ ಟೀಚರ್ ಎಣಿಸುವಾಗ ಇನ್ಯಾರು ಎಣಿಸುತ್ತಾರೆ. ಐವತ್ತು ಆಯಿತೇ, ಆಯಿತು, ಐವತ್ತೊಂದು, ಬೆವರು ಕಣ್ಣಿಗೆ ಇಳಿದು ಉರಿಯುತ್ತಿದೆ, ಇನ್ನು ಐವತ್ತೇಳು ಆದರೆ ಮುಗಿಯಿತು, ಜನ ಕೊಟ್ಟದ್ದು, ಬ್ಯಾಟರಾಯಪ್ಪ ಕೊಡುವುದು, ಕಾಲು ಬರುತ್ತದೆ, ಕಾರ್ಬನ್ನಿನದ್ದಂತೆ, ಓಡಲೂ ಬಹುದಂತೆ, ದಿವ್ಯ ಎರಡು ಕಾಲಲ್ಲಿ ನಿಲ್ಲುತ್ತಾಳೆ, ಸ್ನೇಹಾ ಒಂದನೇ ತಾರೀಖು ಗಜೇಂದ್ರಗಡದ ಬಸ್ಸು ಹತ್ತುತ್ತಾಳೆ. ಅವ್ವ ಫೋನಿನಲ್ಲಿ ದಿನಾ ಅದೇ, ಸಾಕ್ ಬಾ ಯವ್ವಾ, ಇಲ್ಲೇ ಸಾಲ್ಯಾಗ ಪೀಟಿ ಮಾಸ್ತರ ಜಾಗ ಖಾಲಿ ಐತಿ, ಆ ಊರಾಗ ಏನೈತಿ ನಿಂದು. ಏನಿದೆ ಅಂತ ಹೇಳುವುದು. ತೀರಿಸುವುದಿದೆ ಅವ್ವಾ, ತೀರಿಸಿ ಬರುತ್ತೇನೆ. ದಿವ್ಯಳಿಗೆ ಇನ್ನೂ ಹೇಳಿಲ್ಲ. ನೂರೆಂಟು ಆದ ಮೇಲೆ ಹೇಳಿದರಾಯಿತು, ಆಗ ಮುಖ ನೋಡಿ ಹೇಳಬಹುದು, ಕೈ ಕುಲುಕಿ.

ಐವತ್ತಾರು. ಗದ್ದ ಊರಿದಾಗಲೆಲ್ಲ ರಸ್ತೆ ಕಾಣುತ್ತದೆ, ಅವತ್ತೂ ಹೀಗೇ ಗದ್ದ ಊರಿತ್ತು, ಸರ್ವಿಸ್ ರಸ್ತೆಯ ಡಾಂಬರು, ಆಗಸ್ಟು, ಬೆಳಗ್ಗೆ ಎಂಟೂವರೆ. ಯಲಹಂಕದಲ್ಲಿ ಹುಡುಗಿಯರ ಥ್ರೋಬಾಲ್ ಪಂದ್ಯ, ಮಕ್ಕಳು ವ್ಯಾನಿನಲ್ಲಿ ಮುಂದೆ ಹೋಗಿದ್ದರು, ಚೆಂಡಿನ ಚೀಲ ಉಳಿದುಬಿಟ್ಟಿತ್ತು, ಸ್ಕೂಟರಿನ ಹಿಂದೆ ದಿವ್ಯ, ಅವಳ ಮಡಿಲಲ್ಲಿ ಬಲೆಯ ಚೀಲ, ಹನ್ನೆರಡು ಚೆಂಡು. ಜಕ್ಕೂರಿನಿಂದ ಹೊರಬಿದ್ದರೆ ಎಡಕ್ಕೆ ತಿರುಗಬೇಕು, ಹೆಬ್ಬಾಳದ ಕಡೆ ಹೋಗಿ ಫ್ಲೈಓವರಿನ ಕೆಳಗೆ ಯೂ ಟರ್ನ್ ಹೊಡೆದು ಬರಬೇಕು, ದಿವ್ಯ ಅದನ್ನೇ ಹೇಳಿದ್ದು, ಯೂ ಟರ್ನ್ ತಗೊಳ್ಳೇ, ಟೈಮ್ ಇದೆ. ಸ್ನೇಹಾ ಬಲಕ್ಕೆ ತಿರುಗಿಸಿದಳು, ರಾಂಗ್ ಸೈಡಿಗೆ, ಏನಾಗಲ್ಲ ಬಾರೇ, ಮುನ್ನೂರು ಮೀಟರು, ಎಲ್ರೂ ಹೋಗ್ತಾರೆ. ಎಲ್ಲರೂ ಹೋಗುತ್ತಾರೆ, ಅದು ಸುಳ್ಳಲ್ಲ, ಮುಂದೆ ಇಬ್ಬರು ಹಾಗೇ ಹೋಗುತ್ತಿದ್ದರು, ಅಪಾರ್ಟ್‌ಮೆಂಟಿನ ಗೇಟಿನಿಂದ ನೀರಿನ ಟ್ಯಾಂಕರು ತಿರುಗಿತು, ಅದರ ನಲ್ಲಿಯಿಂದ ಸುರಿದ ನೀರು ರಸ್ತೆಯಲ್ಲಿತ್ತು, ಬ್ರೇಕು, ಜಾರಿದ್ದು, ಮಂಡಿ ಕಲ್ಲಿಗೆ ಬಡಿದ ಸದ್ದು ಅವಳದೇ ಅಂತ ಗೊತ್ತಾಗಲಿಲ್ಲ, ಯಾರೋ ತೆಂಗಿನಕಾಯಿ ಒಡೆದರು ಅಂದುಕೊಂಡಳು. ಚೀಲ ಹರಿದು ಚೆಂಡುಗಳು ಉರುಳಿದವು, ಹಳದಿ, ನೀಲಿ, ಬಸ್ಸುಗಳ ನಡುವೆ ಪುಟಿಯುತ್ತ, ಒಬ್ಬ ಕಾರಿನವನು ಹಾರ್ನು ಹೊಡೆದ, ಚೆಂಡಿಗೆ. ಟ್ಯಾಂಕರಿನ ಹಿಂದಿನ ಚಕ್ರದ ಮುಂದೆ ಒಂದು ಹಳದಿ ಚೆಂಡು ಸಿಕ್ಕಿಕೊಂಡಿತ್ತು, ಒಡೆದಿರಲಿಲ್ಲ, ಅರ್ಧ ಚಪ್ಪಟೆಯಾಗಿತ್ತು, ಅದರ ಪಕ್ಕಕ್ಕೆ, ಚಕ್ರದ ಕೆಳಗೆ, ದಿವ್ಯಳ ಕಾಲು. ಡ್ರೈವರು ಇಳಿದು ಬಂದ, ತೆಳ್ಳನೆಯ ಮನುಷ್ಯ, ಎತ್ತಿ ಕಟ್ಟಿದ ಲುಂಗಿ, ಬಗ್ಗಿ ನೋಡಿದ, ನೋಡಿ ಮೊದಲು ಚೆಂಡನ್ನು ಎಳೆದು ತೆಗೆದ. ಎರಡೂ ಕೈಯಲ್ಲಿ ಹಿಡಿದು ಎದೆಗೊತ್ತಿಕೊಂಡು ನಿಂತ. ಅದನ್ನು ಎಲ್ಲಿಡುವುದು ಅಂತ ಅವನಿಗೆ ಗೊತ್ತಾಗಲಿಲ್ಲ. ಅರವತ್ತು. ಅವನ ಹೆಸರು ಬಾಲರಾಜು, ಅದು ಗೊತ್ತಾಗಿದ್ದು ಆಮೇಲೆ, ಪೊಲೀಸು ಆಸ್ಪತ್ರೆಗೆ ಬಂದು ಬರೆದುಕೊಳ್ಳುವಾಗ, ದಿವ್ಯಳ ಕಾಲು ತೆಗೆದು ಮೂರು ದಿನವಾಗಿತ್ತು, ಅವಳ ದನಿ ಚೂರೂ ನಡುಗಲಿಲ್ಲ, ನಾವು ಸರಿ ಸೈಡಲ್ಲೇ ಬರ್ತಿದ್ವಿ ಸಾರ್, ಟ್ಯಾಂಕರ್ ಹಿಂದೆಮುಂದೆ ನೋಡದೆ ನುಗ್ತು. ಹೌದಾ ಮೇಡಂ ಅಂತ ಪೊಲೀಸು ಪಕ್ಕದ ಹಾಸಿಗೆಯ ಸ್ನೇಹಾಳ ಕಡೆ ತಿರುಗಿದ. ಹೌದು ಅಂದಳು. ಒಂದೇ ಶಬ್ದ. ಅವನು ಹೋದ ಮೇಲೆ ದಿವ್ಯ ಗೋಡೆ ನೋಡುತ್ತ, ಇನ್ಶೂರೆನ್ಸ್ ಬರ್ಬೇಕಲ್ಲ ಮಗಾ, ನಿಜ ಹೇಳಿದ್ರೆ ಕಾಲು ಚಿಗುರುತ್ತಾ, ಅಂದಳು. ಇನ್ಶೂರೆನ್ಸ್ ಬರುತ್ತದೆ, ನಾಲ್ಕೈದು ವರ್ಷ ಅಂತಾರೆ ವಕೀಲರು, ಅಲ್ಲಿಯವರೆಗೆ ಈ ನಮಸ್ಕಾರ. ಬಾಲರಾಜು ಎರಡು ಸಲ ಆಸ್ಪತ್ರೆಗೆ ಬಂದಿದ್ದ, ಬಾಳೆಹಣ್ಣು ಹಿಡಿದುಕೊಂಡು, ನೀವೇ ಎದುರಿಗ್ ಬಂದ್ರಲ್ಲ ಅಕ್ಕಾ, ಲೈಸೆನ್ಸ್ ಕಿತ್ಕಂಡವ್ರೆ, ಒಂದ್ ಮಾತು ಹೇಳ್ಬಿಡಿ ಅಕ್ಕಾ. ಸ್ನೇಹಾ ಗ್ಲೂಕೋಸಿನ ಹನಿ ಎಣಿಸಿದಳು, ಅವನು ಹೋಗುವವರೆಗೆ. ಹಣ್ಣು ಕಪ್ಪಾಗುವವರೆಗೆ ಅಲ್ಲೇ ಇತ್ತು, ಅರವತ್ಮೂರು, ಅರವತ್ನಾಲ್ಕು, ಮೊನ್ನೆ ಶಾಲೆಯ ಸ್ಟೋರಿನ ಮುನಿಗಂಗಪ್ಪನ ಹತ್ತಿರ, ಕೆಲಸ ಬಿಡುವಾಗ ಕೊಡಬೇಕಾದ ನೋ ಡ್ಯೂ ಚೀಟಿಗೆ ಹೋದರೆ ಅವನು ರಿಜಿಸ್ಟರ್ ತೆಗೆದು ಬೆರಳಿಟ್ಟ, ಅನ್ನೆರ್ಡು ಚೆಂಡು ತಗಂಡೋಗಿದ್ರಿ ಮೇಡಂ, ಎಂಟು ಬಂದದೆ, ನಾಕಕ್ಕೆ ಏನಂತ ಬರ್ಕಳ್ಲಿ. ಹೋದವು ಅಂತ ಬರ್ಕೊಳ್ಳಿ. ಎಲ್ಗೋದ್ವು ಅಂತ ಕೇಳ್ತಾರೆ ಮೇಡಂ ಆಡಿಟ್‌ನಲ್ಲಿ. ಎಲ್ಲಿಗೆ ಅಂತ ಹೇಳುವುದು, ಒಂದು ಬಾಲರಾಜುವಿನ ಕೈಯಲ್ಲಿತ್ತು.

ಅರವತ್ತೆಂಟು ಅಂದಾಗ ಮಂಡಿಯೊಳಗೆ ಏನೋ ಟಕ್ಕೆಂದಿತು, ಹೊರಗೆ ಕೇಳಿಸುವಷ್ಟು, ಪಕ್ಕದ ಮ್ಯಾಟಿನ ಹೆಂಗಸು ತಿರುಗಿ ನೋಡಿದಳು. ಬಗ್ಗಿದಳು, ಊರಿದಳು, ಕಣ್ಣು ಕತ್ತಲೆ ಬಂತು, ಪಾದ ಹಿಡಿದು ಎಳೆದಳು, ನಿಂತಳು, ಮೈಕು ಎಪ್ಪತ್ತೆಂಟು ಅಂದಿತು. ಅರೆ. ಅರವತ್ತೊಂಬತ್ತು ಅಲ್ಲವೇ, ಈಗಷ್ಟೇ ಅರವತ್ತೆಂಟು, ತನಗೇ ತಲೆ ತಿರುಗಿದೆಯೋ, ಇಲ್ಲ, ಮತ್ತೊಂದು ಮಾಡಿದಳು, ಎಪ್ಪತ್ತೊಂಬತ್ತು, ದನಿಯಲ್ಲಿ ಎಡವಿದ ಸುಳಿವೇ ಇಲ್ಲ, ಪೊಲೀಸಿಗೆ ಹೇಳಿದ ಅದೇ ದನಿ. ಯಾರಾದರೂ ಗಮನಿಸಿದರೇ, ಇಲ್ಲ, ಬ್ಯಾಟರಾಯಪ್ಪ ಶಾಮಿಯಾನದ ಕೆಳಗೆ ಯಾರಿಗೋ ಸೈಟಿನ ಮೂಲೆ ಯಾವ ದಿಕ್ಕಿಗಿರಬೇಕು ಅಂತ ಕೈಯಾಡಿಸಿ ಹೇಳುತ್ತಿದ್ದರು, ಅಪ್ಪಂದಿರು ಮೊಬೈಲಿನಲ್ಲಿ, ಎಲ್ಲರಿಗೂ ಬೇಗ ಮುಗಿದರೆ ಸಾಕಿತ್ತು, ಉಪ್ಪಿಟ್ಟಿನ ವಾಸನೆ ಬರುತ್ತಿತ್ತು. ಕೂಗಬೇಕು, ದಿವ್ಯ ತಪ್ಪಾಯ್ತು, ಹಿಂದಕ್ಕೆ ಹೋಗು, ಉಸಿರು ಇರಲಿಲ್ಲ, ಉಸಿರಿದ್ದರೆ ಕೂಗುತ್ತಿದ್ದಳೇ, ಗೊತ್ತಿಲ್ಲ, ಮಂಡಿ ಬೇಡ ಅನ್ನುತ್ತಿತ್ತು, ಒಂಬತ್ತು ಕಮ್ಮಿ ಅಂದರೆ ಒಂಬತ್ತು ಸಲ ಊರುವುದು ಕಮ್ಮಿ, ನಾಚಿಕೆಯಾಗುವಷ್ಟು ಹಿತವಾಯಿತು. ತೊಂಬತ್ತು, ನೂರು, ಸೂರ್ಯ ಹದಿನಾಲ್ಕನೇ ಮಹಡಿ ದಾಟಿ ನೇರ ಕಣ್ಣಿಗೆ ಹೊಡೆದ, ನೂರೆಂಟು, ಚಪ್ಪಾಳೆ, ಬ್ಯಾಟರಾಯಪ್ಪ ಮೈಕು ಕಿತ್ತುಕೊಂಡು, ನೋಡ್ರಪ್ಪ ಎಣ್ಮಗಳು ಅಂದ್ರೆ ಇಂಗಿರ್ಬೇಕು, ನಾನ್ ಕೊಟ್ಟ ಮಾತ್ಗೆ ತಪ್ಪಾಕಿಲ್ಲ, ಅಂದರು. ಎಲ್ಲರೂ ಉಪ್ಪಿಟ್ಟಿನ ಸಾಲಿಗೆ ನುಗ್ಗಿದರು. ಸ್ನೇಹಾ ಮ್ಯಾಟಿನ ಮೇಲೆ ಕೈ ಜೋಡಿಸಿಕೊಂಡು ನಿಂತೇ ಇದ್ದಳು, ತೊಂಬತ್ತೊಂಬತ್ತು ಅಂತ ತನಗೆ ತಾನೇ ಅಂದುಕೊಂಡಳು, ಬಗ್ಗಿದಳು. ಕಾಲು ಬಂತು, ಕಾಸು ಬಂತು, ಆದರೂ ಒಂಬತ್ತು ಉಳಿಸಿಕೊಂಡು ಬಸ್ಸು ಹತ್ತುವುದು ಹೇಗೆ. ನೂರು. ಯಾರೋ ದೊನ್ನೆ ಹಿಡಿದು, ಮೇಡಂ ಮುಗೀತು ಮೇಡಂ, ಬನ್ನಿ ಆರುತ್ತೆ, ಅಂದರು. ನೂರೊಂದು. ನೂರಾಎರಡು. ನೂರಾಮೂರಕ್ಕೆ ಮಂಡಿ ಊರಿದ್ದು ಮೇಲೇಳಲಿಲ್ಲ, ಮಡಚಿದಷ್ಟಕ್ಕೇ ಬೀಗ ಬಿದ್ದಂತೆ ನಿಂತಿತು, ಪಕ್ಕಕ್ಕೆ ಉರುಳಿ ಕೂತಳು, ಊರುಗೋಲಿನ ಸದ್ದು ಹತ್ತಿರ ಬಂತು. ಏನೇ ಇದು, ಯಾರಿಗ್ ತೋರ್ಸೋಕೆ, ಅಂದಳು ದಿವ್ಯ. ಒಂಬತ್ತು ನುಂಗ್ದೆ ನೀನು, ಅಂದಳು ಸ್ನೇಹಾ. ನುಂಗ್ದೆ, ನಿನ್ ಮುಖ ನೋಡೋಕಾಗ್ತಿರ್ಲಿಲ್ಲ, ಹೆಣದ್ ತರ ಇತ್ತು. ಸುಳ್ ಹೇಳ್ಬೇಡ. ಹೂಂ ಸುಳ್ಳು, ದಿವ್ಯ ಊರುಗೋಲು ಒರಗಿಸಿ ಕಷ್ಟಪಟ್ಟು ಪಕ್ಕದ ಮ್ಯಾಟಿನ ಮೇಲೆ ಕೂತಳು, ನೋ ಡ್ಯೂ ಕೇಳಿದ್ಯಂತೆ, ಮುನಿಗಂಗಪ್ಪ ಹೇಳ್ದ, ನಂಗ್ ಹೇಳ್ಳಿಲ್ಲ ನೀನು, ನೂರೆಂಟೂ ತೀರಿಸ್ಬಿಟ್ಟು ಕೈ ತೊಳ್ಕೊಂಡ್ ಹೋಗೋಳಿದ್ದೆ ಅಲ್ವಾ, ಹೋಗು, ಯಾರ್ ಬೇಡ ಅಂದ್ರು, ಒಂಬತ್ತು ಬಾಕಿ ಇಟ್ಕೊಂಡ್ ಹೋಗು. ಮೂರು ಮಾಡ್ದೆ ಈಗ. ನಾನ್ ಎಣಿಸ್ಲಿಲ್ವಲ್ಲ, ಅಂದಳು ದಿವ್ಯ. ಉಪ್ಪಿಟ್ಟಿಗೆ ಕಿತ್ತಾಡುವ ಮಕ್ಕಳ ಗಲಾಟೆ, ಸ್ನೇಹಾ ಮಂಡಿಯನ್ನು ಎರಡೂ ಕೈಯಲ್ಲಿ ಹಿಡಿದು ನೆಟ್ಟಗೆ ಮಾಡಲು ನೋಡಿದಳು, ಆಗಲಿಲ್ಲ, ಆ ಡ್ರೈವರು, ಅಂದಳು. ಅವನ್ ಸುದ್ದಿ ಬೇಡ, ಅಂದಳು ದಿವ್ಯ, ತಕ್ಷಣ, ಅದಕ್ಕೇ ಕಾಯುತ್ತಿದ್ದವಳ ಹಾಗೆ. ಅವನ ಹೆಸರಿನ ನಮಸ್ಕಾರ ಇವುಗಳಲ್ಲಿ ಒಂದೂ ಇರಲಿಲ್ಲ, ನೂರೆಂಟು ಮಾಡಿದ್ದರೂ ಇರುತ್ತಿರಲಿಲ್ಲ, ಅದು ದಿವ್ಯಳಿಗೂ ಗೊತ್ತು, ಮಾತು ಅಲ್ಲಿಗೆ ನಿಂತಿತು, ಮುಂದಕ್ಕೆ ಹೋಗಲಿಲ್ಲ, ಗಜೇಂದ್ರಗಡಕ್ಕೂ ಹೋಗಲಿಲ್ಲ, ಒಂದನೇ ತಾರೀಖಿಗೂ ಹೋಗಲಿಲ್ಲ, ಸರ್ವಿಸ್ ರಸ್ತೆ, ಒದ್ದೆ ಡಾಂಬರು, ಎತ್ತಿ ಕಟ್ಟಿದ ಲುಂಗಿ, ಅವನು ನಿಂತಿದ್ದಾನೆ, ಹಳದಿ ಚೆಂಡನ್ನು ಎದೆಗೊತ್ತಿಕೊಂಡು, ಎಲ್ಲಿಡಲಿ ಅಂತ ಅವಳನ್ನೇ ನೋಡುತ್ತ. ಹೋದವು, ಕಾಲು ಒಂದು, ಲೈಸೆನ್ಸು ಒಂದು, ಚೆಂಡು ನಾಲ್ಕು.